ಹೊಸ ಹುಡುಗರನ್ನು ಸೇರಿಸಿಕೊಳ್ಳುವ ರೀತಿಯೇ ಹೋಟೆಲ್ ಸರ್ವಿಸ್ ಕೆಡಿಸುತ್ತಿದೆಯಾ? ಉತ್ತರ ಕನ್ನಡದವರು ಹೇಳಿ

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿಯುತ್ತಾ ಬಂತು. ದಸರಾ ರಜೆ ಶುರುವಾದರೆ ಕಾರವಾರದಿಂದ ಮುರ್ಡೇಶ್ವರದವರೆಗೆ ರೂಮ್ ಸಿಗುವುದಿಲ್ಲ. ಈಗ ಎಲ್ಲ ಲಾಡ್ಜ್, ಹೋಟೆಲ್, ರೆಸಾರ್ಟ್‌ಗಳಲ್ಲೂ ಒಂದೇ ಮಾತು: ಹುಡುಗರು ಬೇಕು. ಏಜೆಂಟ್‌ಗೆ ಫೋನ್ ಹೋಗುತ್ತದೆ, "ನಾಲ್ಕು ಜನ ಇದ್ದರೆ ಕಳಿಸಿ" ಅಂತ. ಅವರು ಬೆಳಿಗ್ಗೆ ರೈಲಿಳಿದು ಬರುತ್ತಾರೆ. ಸಂಜೆ ಮೈಮೇಲೆ ಹಿಂದಿನವನು ಬಿಟ್ಟುಹೋದ ಯೂನಿಫಾರ್ಮ್. ರಾತ್ರಿ ಊಟದ ಹೊತ್ತಿಗೆ ಟೇಬಲ್ ಮುಂದೆ ನಿಂತಿರುತ್ತಾರೆ. ಆಮೇಲೆ ಗೂಗಲ್‌ನಲ್ಲಿ ರಿವ್ಯೂ ಬೀಳುತ್ತದೆ: "ಸ್ಟಾಫ್ ಒರಟು."

ನಮ್ಮ ಮನೆಯವರದ್ದು ಹೈವೇ ಪಕ್ಕ ಒಂದು ಲಾಡ್ಜ್, ಕೆಳಗೆ ಊಟದ ಹೋಟೆಲ್. ಚಿಕ್ಕಂದಿನಿಂದ ಗಲ್ಲಾದ ಹತ್ತಿರ ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಾವು ಒರಟುತನ ಅಂತ ಕರೆಯುವುದರಲ್ಲಿ ಬಹಳಷ್ಟು ಒರಟುತನವೇ ಅಲ್ಲ. ಅದು ಗೊತ್ತಿಲ್ಲದಿರುವುದು, ಮತ್ತು ಗೊತ್ತಿಲ್ಲ ಅಂತ ಹೇಳಲು ಹೆದರುವುದು.

ಒಂದು ಉದಾಹರಣೆ ಕೊಡುತ್ತೇನೆ. ಜುಲೈ ತಿಂಗಳು. ಬೆಂಗಳೂರಿನ ಒಂದು ಕುಟುಂಬ ಕೂತಿದೆ. "ಇಸ್ವಾಣ ಮೀನು ಫ್ರೆಶ್ ಇದೆಯಾ?" ಅಂತ ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಜಾರ್ಖಂಡ್‌ನಿಂದ ಹಿಂದಿನ ವಾರ ಬಂದ ಹುಡುಗನಿಗೆ ಯಾರು ಹೇಳಿದ್ದಾರೆ? ಅವನಿಗೆ ಇಸ್ವಾಣ ಯಾವುದು, ಬಂಗಡೆ ಯಾವುದು ಅಂತಲೇ ಗೊತ್ತಿಲ್ಲ. ಮೆನು ಕಾರ್ಡ್ ನೋಡಿ "ಹೈ" ಅನ್ನುತ್ತಾನೆ. ಅಡುಗೆಮನೆಯಲ್ಲಿ ಬೈಸಿಕೊಂಡು ವಾಪಸ್ ಬಂದು ಮುಖ ಗಂಟು ಹಾಕಿಕೊಂಡು "ನಹೀ ಹೈ" ಅನ್ನುತ್ತಾನೆ. ಗಿರಾಕಿಗೆ ಕಾಣುವುದು ಆ ಗಂಟು ಹಾಕಿದ ಮುಖ ಮಾತ್ರ.

ಹಾಗಾಗಿ ನನ್ನ ಪ್ರಶ್ನೆ. ನೀವು ಹೇಗೆ ಆರಿಸುತ್ತೀರಿ? ಮೊದಲ ವಾರ ಅವರಿಗೆ ಏನು ಹೇಳಿಕೊಡುತ್ತೀರಿ? ಕೆಲಸ ಮಾಡುವವರೂ ಬರೆಯಿರಿ, ಬರೀ ಮಾಲೀಕರ ಮಾತು ಸಾಕಾಗುವುದಿಲ್ಲ.

ಗೋಕರ್ಣ ಫ್ರಂಟ್ ಡೆಸ್ಕ್

ಕೆಲಸ ಮಾಡುವವಳಾಗಿ ಬರೆಯುತ್ತೇನೆ. ಹೋಟೆಲ್ ಹೆಸರು ಬೇಡ, ಈಗ ಅಲ್ಲಿ ಇಲ್ಲ.

ಫೋನ್‌ನಲ್ಲಿ ಹೇಳಿದ್ದು: ಊಟ, ವಸತಿ ಫ್ರೀ, ವಾರಕ್ಕೊಂದು ರಜೆ, ರಿಸೆಪ್ಷನ್ ಕೆಲಸ. ಹೋದ ಮೇಲೆ ಕಂಡದ್ದು: ವಸತಿ ಅಂದರೆ ನೀರಿನ ಟ್ಯಾಂಕ್ ಪಕ್ಕದ ತಗಡಿನ ಶೆಡ್. ರಜೆ "ಸೀಸನ್ ಮುಗಿದ ಮೇಲೆ". ರಿಸೆಪ್ಷನ್ ಜೊತೆಗೆ ರೂಮ್ ಬಾಯ್ ಬರದ ದಿನ ಬೆಡ್‌ಶೀಟ್ ಬದಲಿಸುವುದು ಕೂಡ ನಾನೇ. ಕೆಲಸ ಕಷ್ಟ ಅಂತ ನನಗೆ ಬೇಜಾರಿಲ್ಲ. ಹೇಳಿದ್ದೊಂದು, ಕೊಟ್ಟಿದ್ದೊಂದು, ಅದೇ ಬೇಜಾರು. ಮೊದಲ ದಿನವೇ ಮಾತು ತಪ್ಪಿದವರು "ಗೆಸ್ಟ್‌ಗೆ ಪ್ರಾಮಾಣಿಕವಾಗಿರು" ಅಂದರೆ ಮನಸ್ಸಿಗೆ ಇಳಿಯುತ್ತದಾ?

ಇನ್ನೊಂದು. ಗೋಕರ್ಣದಲ್ಲಿ ವಿದೇಶಿಯರು ಜಾಸ್ತಿ. ಅವರು ಬಂದರೆ ಸಿ ಫಾರ್ಮ್ ಅಂತ ನಾವು ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿ ಕಳಿಸಬೇಕು. ಪಾಸ್‌ಪೋರ್ಟ್, ವೀಸಾ, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಎಲ್ಲ ಬೇಕು. ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ. ಓಂ ಬೀಚ್‌ನಿಂದ ಸುಸ್ತಾಗಿ ಬಂದವರನ್ನು ನಿಲ್ಲಿಸಿಕೊಂಡು ಒಂದೊಂದೇ ಕೇಳುವಾಗ ಅವರಿಗೂ ಸಿಟ್ಟು, ನನಗೂ ನಡುಕ. ಈ ಮಾಹಿತಿ ಯಾಕೆ ಬೇಕು ಅಂತ ನನಗೇ ಗೊತ್ತಿದ್ದರೆ ನಗುತ್ತಾ ಎರಡು ಮಾತಿನಲ್ಲಿ ಹೇಳಬಹುದಿತ್ತು. ಕಾಳಿತೀರ ಅವರ ಮಾತು ಸರಿ. ಗೊತ್ತಿಲ್ಲದವರ ದನಿಯೇ ಬೇರೆ ಇರುತ್ತದೆ.

ಮತ್ತೆ ಗ್ಲಾಸು, ತಟ್ಟೆ ಒಡೆದರೆ ಸಂಬಳದಲ್ಲಿ ಮುರಿಯುವ ಪದ್ಧತಿ. ಸೇರಿದ ದಿನ ಹೇಳಿದ ಮೊದಲ ನಿಯಮವೇ ಅದು. ಪರಿಣಾಮ ಏನು ಗೊತ್ತಾ? ಅಂಚು ಮುಕ್ಕಾದ ಕಪ್ಪನ್ನು ಯಾರೂ ತೆಗೆದಿಡುವುದಿಲ್ಲ. ಮುಕ್ಕಾದ ಭಾಗ ಆ ಕಡೆ ತಿರುಗಿಸಿ ಗೆಸ್ಟ್ ಮುಂದೆ ಇಡುತ್ತಾರೆ.

ಬನವಾಸಿ ರಸ್ತೆ (ಶಿರಸಿ)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಮ್ಮದು ಅಜ್ಜನ ಕಾಲದ ಸಸ್ಯಾಹಾರಿ ಹೋಟೆಲ್. ಹಿಂದೆ ಏಜೆಂಟ್ ಅಂತ ಯಾರೂ ಇರಲಿಲ್ಲ. ಗುರ್ತಿನವರ ಮನೆಯಿಂದ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬರುತ್ತಿದ್ದರು. ಮೊದಲು ಪಾತ್ರೆ ತೊಳೆಯುವುದು. ಆಮೇಲೆ ಟೇಬಲ್ ಒರೆಸುವ ಕ್ಲೀನರ್. ಆಮೇಲೆ ಸಪ್ಲಾಯರ್. ಚುರುಕಾದವನು ಗಲ್ಲಾಕ್ಕೆ ಬರುತ್ತಿದ್ದ, ಇಲ್ಲವೇ ಭಟ್ಟರ ಕೈಕೆಳಗೆ ಅಡುಗೆ ಕಲಿಯುತ್ತಿದ್ದ. ಬೊಂಬಾಯಿ, ಪುಣೆಯಲ್ಲಿ ಕರಾವಳಿಯವರು ಹೋಟೆಲ್ ಕಟ್ಟಿದ್ದು ಇದೇ ಮೆಟ್ಟಿಲು ಹತ್ತಿ. ಓರಿಯಂಟೇಶನ್, ಇಂಡಕ್ಷನ್ ಅನ್ನುವ ಹೆಸರು ಗೊತ್ತಿಲ್ಲದೆಯೇ ಅವರು ಎಲ್ಲವನ್ನೂ ಕಲಿತರು.

ಆ ಕ್ರಮದಲ್ಲಿ ಕಲಿತ ಸಪ್ಲಾಯರ್‌ಗೆ ಯಾವ ಟೇಬಲ್‌ನವರು ಬಸ್ಸಿಗೆ ಓಡುವವರು, ಯಾರು ಆರಾಮವಾಗಿ ಕೂರುವವರು ಅಂತ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಬಸ್ಸಿನವರಿಗೆ ಮಸಾಲೆ ದೋಸೆ ಬೇಡ, ಇಡ್ಲಿ ತಗೊಳ್ಳಿ, ರೆಡಿ ಇದೆ ಅನ್ನುತ್ತಿದ್ದ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಈಗ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ನಮಗೂ ಹೊಸಬರನ್ನು ಕರೆಯಲೇಬೇಕು. ಆಗ ಒಂದೇ ನಿಯಮ ಇಟ್ಟಿದ್ದೇವೆ. ಹೊಸಬ ಒಬ್ಬನೇ ಟೇಬಲ್‌ಗೆ ಹೋಗುವ ಹಾಗಿಲ್ಲ. ಹಳಬನ ಜೊತೆ ನೀರು ಇಡುತ್ತಾ, ಎಲೆ ಎತ್ತುತ್ತಾ ನೋಡಬೇಕು.

ಸದಾಶಿವಗಡದವ

ಬನವಾಸಿ ರಸ್ತೆಯವರೇ, ನಿಮ್ಮ ಮಾತಲ್ಲಿ ತಿರುಳಿದೆ. ಆದರೆ ಆ ಕಾಲದಲ್ಲಿ ಪಾತ್ರೆ ತೊಳೆದವರಲ್ಲಿ ಹತ್ತು, ಹನ್ನೆರಡು ವರ್ಷದ ಮಕ್ಕಳೇ ಜಾಸ್ತಿ ಇದ್ದರು ಅನ್ನುವುದನ್ನು ಬಿಡಬೇಡಿ. 2006ರ ಅಕ್ಟೋಬರ್‌ನಿಂದ ಹೋಟೆಲ್, ಡಾಬಾಗಳಲ್ಲಿ 14ರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು ನಿಷೇಧ ಆಯಿತು. ಒಳ್ಳೆಯದೇ ಆಯಿತು. ಆ ಮಕ್ಕಳು ಕಲಿತದ್ದು ನಿಜ. ಶಾಲೆ ಬಿಟ್ಟು, ಏಟು ತಿಂದು ಕಲಿತದ್ದೂ ನಿಜ.

ನಾನು ಗೋವಾದಲ್ಲಿ ಒಂದು ದೊಡ್ಡ ಹೋಟೆಲ್‌ನಲ್ಲಿದ್ದೆ. ನಮ್ಮ ಕಾರವಾರದ ಹುಡುಗರು ಗಡಿ ದಾಟಿ ಅಲ್ಲಿಗೆ ಯಾಕೆ ಹೋಗುತ್ತಾರೆ? ಸಂಬಳಕ್ಕೆ, ಸರಿ. ಆದರೆ ಸಂಬಳ ಒಂದೇ ಅಲ್ಲ. ಸೇರಿದ ದಿನ ಕೈಗೆ ಲೆಟರ್ ಕೊಟ್ಟರು. ನನ್ನ ಹೆಸರಿನ ಬ್ಯಾಡ್ಜ್ ಮೊದಲೇ ತಯಾರಿತ್ತು. ಲಾಕರ್ ಕೊಟ್ಟರು. ಲಾಂಡ್ರಿ, ಅಡುಗೆಮನೆ, ಸ್ಟೋರ್, ಹೌಸ್‌ಕೀಪಿಂಗ್, ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ, ಎಲ್ಲ ಕಡೆ ಕರೆದುಕೊಂಡು ಹೋಗಿ "ಇವನು ಇವತ್ತು ಸೇರಿದ್ದಾನೆ" ಅಂತ ಪರಿಚಯಿಸಿದರು. ಆಮೇಲೆ ಗೆಸ್ಟ್ ಒಬ್ಬರು ಶರ್ಟ್ ಇನ್ನೂ ಬಂದಿಲ್ಲ ಅಂದಾಗ ನಾನು "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ" ಅನ್ನಲಿಲ್ಲ. ಲಾಂಡ್ರಿಯಲ್ಲಿ ಯಾರನ್ನು ಕೇಳಬೇಕು ಅಂತ ಗೊತ್ತಿತ್ತು, ಫೋನ್ ಮಾಡಿದೆ. ಅಷ್ಟೇ. ಗೆಸ್ಟ್ ಅದನ್ನು ಒಳ್ಳೆಯ ಸರ್ವಿಸ್ ಅಂದರು.

ಗೋವಾ ಅಂದ ಕೂಡಲೇ ಎಲ್ಲ ಚಂದ ಅಂತ ಅಲ್ಲ. ಬೀಚ್ ಮೇಲಿನ ಒಂದು ಶ್ಯಾಕ್‌ನಲ್ಲಿ (ಗುಡಿಸಲಿನಂಥ ಹೋಟೆಲ್) ಕೂಡ ಇದ್ದೆ. ಅಲ್ಲಿ ಹೆಸರು ಕೂಡ ಕೇಳಲಿಲ್ಲ, ಸೀಸನ್ ಪೂರ್ತಿ "ಏಯ್ ಕಾರವಾರ" ಅಂತಲೇ ಕರೆದರು. ಅಲ್ಲಿ ನಾನು ಹೇಗೆ ಕೆಲಸ ಮಾಡಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲ್ ಕೋರ್ಸ್ ಮೇಷ್ಟ್ರು

ಈ ವಿಷಯ ಪಾಠ ಮಾಡುವವನಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮುಂಬೈನ ತಾಜ್ ಹೋಟೆಲ್ ಮೇಲೆ 2008ರ ನವೆಂಬರ್ 26ರಂದು ದಾಳಿ ಆದಾಗ ಸಿಬ್ಬಂದಿ ಓಡಿಹೋಗಲಿಲ್ಲ, ಅತಿಥಿಗಳನ್ನು ಕಾಪಾಡಲು ನಿಂತರು. ಕೆಲವರು ಪ್ರಾಣವನ್ನೇ ಕೊಟ್ಟರು. ಹಿಂದಿನ ಬಾಗಿಲ ದಾರಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಹೀಗೆ ಯಾಕೆ ಆಯಿತು ಅಂತ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನವರು ಅಧ್ಯಯನ ಮಾಡಿ 2011ರಲ್ಲಿ ಬರೆದರು. ಅವರಿಗೆ ಸಿಕ್ಕ ಉತ್ತರ ಆ ರಾತ್ರಿಯದ್ದಲ್ಲ, ಅದಕ್ಕೆ ಬಹಳ ಮುಂಚಿನದ್ದು: ಯಾರನ್ನು ಆರಿಸುತ್ತಾರೆ, ಹೇಗೆ ತಯಾರು ಮಾಡುತ್ತಾರೆ.

ತಾಜ್‌ನವರು ದೊಡ್ಡ ಶಹರಗಳನ್ನು ಬಿಟ್ಟು ಸಣ್ಣ ಊರುಗಳಿಂದ ಹುಡುಗರನ್ನು ಹುಡುಕುತ್ತಿದ್ದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬದಲು ಮೈಸೂರು, ಮಣಿಪಾಲ. ನೋಡುತ್ತಿದ್ದದ್ದು ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಲ್ಲ. ಹಿರಿಯರ ಜೊತೆ ಹೇಗೆ ಮಾತಾಡುತ್ತಾನೆ, ಮುಖದಲ್ಲಿ ಗೆಲುವಿದೆಯಾ, ಮನೆಗೆ ಈ ಕೆಲಸದ ಅಗತ್ಯ ಇದೆಯಾ. ಬೇರೆ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ 12 ತಿಂಗಳ ತರಬೇತಿ, ಅಲ್ಲಿ 18 ತಿಂಗಳು. ಒಂದು ದಿನ ಉಳಿಯುವ ಅತಿಥಿ ಸಿಬ್ಬಂದಿಯನ್ನು 40-45 ಸಲ ಎದುರಾಗುತ್ತಾನೆ ಅನ್ನುವುದು ಅವರ ಲೆಕ್ಕ. ಅದರಲ್ಲಿ ಹೆಚ್ಚಿನ ಸಲ ಮೇಲಿನವರು ಯಾರೂ ಪಕ್ಕದಲ್ಲಿರುವುದಿಲ್ಲ. ಅದಕ್ಕೇ ಮೇಲಿನವರನ್ನು ಕೇಳದೆ ತಾನೇ ತೀರ್ಮಾನ ಮಾಡಲು ಕಲಿಸುತ್ತಿದ್ದರು. ರಿಟ್ಜ್ ಕಾರ್ಲ್‌ಟನ್ ಅನ್ನುವ ದೊಡ್ಡ ವಿದೇಶಿ ಹೋಟೆಲ್ ಕಂಪನಿಯಲ್ಲೂ ಇದೇ ವಿಚಾರ: ಅತಿಥಿಯ ತೊಂದರೆ ಸರಿಪಡಿಸಲು ನೌಕರ ಯಾರನ್ನೂ ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು.

ಗೋಕರ್ಣದ ತಂಗಿ ಹೇಳಿದ್ದಕ್ಕೂ ಆಧಾರ ಇದೆ. ಕೆಲಸದ ಕಷ್ಟವನ್ನು ಸೇರುವ ಮೊದಲೇ ಬಿಚ್ಚಿ ಹೇಳಿದರೆ ಬಿಟ್ಟುಹೋಗುವವರು ಸ್ವಲ್ಪ ಕಡಿಮೆಯಾಗುತ್ತಾರೆ ಅಂತ ಬೇರೆ ಬೇರೆ ಉದ್ಯಮಗಳಲ್ಲಿ ಕಂಡಿದ್ದಾರೆ. ದೊಡ್ಡ ಪವಾಡ ಏನಲ್ಲ. ಆದರೆ ಖರ್ಚಿಲ್ಲದ ಕೆಲಸ, ಸುಮ್ನೆ ನಿಜ ಹೇಳಿದರಾಯಿತು.

ಕಾಳಿತೀರ (ಕಾರವಾರ)

ಮೇಷ್ಟ್ರೇ, ಧನ್ಯವಾದ. ಆದರೆ 18 ತಿಂಗಳು ತರಬೇತಿ ಕೊಡಲು ನಮ್ಮಂಥವರಿಗೆ ಆಗುತ್ತದಾ? ಅಕ್ಟೋಬರ್‌ನಿಂದ ಮೇವರೆಗೆ ದುಡಿದು ಮಳೆಗಾಲ ಕಳೆಯಬೇಕು. ಹುಡುಗ 18 ತಿಂಗಳು ಉಳಿದರೆ ಅದೇ ದೊಡ್ಡದು. ಹತ್ತು, ಹನ್ನೆರಡು ಜನ ಇರುವ ಕಡೆ ಏನು ಮಾಡಬಹುದು?

ಹೊನ್ನಾವರದ ಅಕ್ಕ

ನನ್ನ ಹತ್ತಿರ ಅಷ್ಟು ಜನವೂ ಇಲ್ಲ. ಅಪ್ಸರಕೊಂಡದ ಕಡೆ ಹೋಮ್‌ಸ್ಟೇ ನಡೆಸುತ್ತೇನೆ. ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಮಾನ್ಯತೆ) ಸಿಕ್ಕಿದ ಮೇಲೆ ಈ ಕಡೆ ಬರುವವರು ಜಾಸ್ತಿ ಆದರು. ಕೆಲಸಕ್ಕೆ ನಮ್ಮ ಕೇರಿಯ ಹೆಂಗಸರೇ ಬರುತ್ತಾರೆ. ನಾನು ಮಾಡುವುದನ್ನು ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

ಹೊಸಬರು ಬಂದ ಮೊದಲ ದಿನ ಕೆಲಸ ಇಲ್ಲ. ಸಂಬಳ ಉಂಟು. ಅವರು ಅವತ್ತು ಗೆಸ್ಟ್. ಬಾಗಿಲಲ್ಲಿ ಪುನರ್ಪುಳಿ ಶರಬತ್ತು ಕೊಡುತ್ತೇನೆ, ರೂಮ್ ತೋರಿಸುತ್ತೇನೆ, ಊಟ ಬಡಿಸುತ್ತೇನೆ, ರಾತ್ರಿ ಅಲ್ಲೇ ಮಲಗಬೇಕು. ಒಬ್ಬಳು ಬಹಳ ಸಂಕೋಚದವಳು, ಕೊಂಕಣಿ ಬಿಟ್ಟರೆ ಮಾತೇ ಇಲ್ಲ. ಬೆಳಿಗ್ಗೆ ಏನು ಅನ್ನಿಸಿತು ಅಂದೆ. ಮೊದಲು "ಎಲ್ಲ ಚೆನ್ನಾಗಿತ್ತು" ಅಂದಳು. ಇಲ್ಲ, ಸರಿಯಾಗಿ ಹೇಳು ಅಂದೆ. ಆಮೇಲೆ ಒಂದೊಂದೇ ಬಂತು. ಸೊಳ್ಳೆ ಪರದೆಯಲ್ಲಿ ಕಾಲ ಬುಡದಲ್ಲಿ ತೂತು ಉಂಟು. ಬಚ್ಚಲಲ್ಲಿ ಸೀರೆ ಹಾಕಲು ಗೂಟ ಇಲ್ಲ, ಬಾಗಿಲ ಮೇಲೆ ಹಾಕಿದರೆ ಒದ್ದೆಯಾಗುತ್ತದೆ. ರಾತ್ರಿ ಎಚ್ಚರಾದರೆ ಸ್ವಿಚ್ ಎಲ್ಲಿ ಅಂತ ಕತ್ತಲಲ್ಲಿ ಸಿಗುವುದಿಲ್ಲ. ನಾನು ಇಷ್ಟು ವರ್ಷ ಆ ಮನೆಯಲ್ಲೇ ಇದ್ದರೂ ನನಗೆ ಕಾಣದ್ದು ಅವಳಿಗೆ ಕಂಡಿತು. ಈಗ ಗೆಸ್ಟ್ ಬಂದ ಕೂಡಲೇ ಅವಳೇ ಮುಂದೆ ಹೋಗಿ ಸ್ವಿಚ್ ತೋರಿಸುತ್ತಾಳೆ, ಕೊಂಕಣಿ ಬೆರೆಸಿದ ಹಿಂದಿಯಲ್ಲಿ. ಅದನ್ನು ನಾನು ಹೇಳಿಕೊಟ್ಟಿಲ್ಲ.

ಇನ್ನೊಂದು ಮಾತು, ಇದನ್ನು ಗಂಡಸು ಮಾಲೀಕರು ಗಮನ ಇಟ್ಟು ಓದಿ. ಗೆಸ್ಟ್ ದೇವರು ಅಂತ ಮೊದಲ ದಿನ ಹೇಳುವವರು, ಯಾವ ಗೆಸ್ಟ್‌ಗೆ ಇಲ್ಲ ಅನ್ನಬಹುದು ಅಂತಲೂ ಅದೇ ದಿನ ಹೇಳಬೇಕು. ಕುಡಿದು ಕೈ ಹಿಡಿಯಲು ಬಂದರೆ, ರಾತ್ರಿ ರೂಮಿಗೆ ನೀರು ತಾ ಅಂದರೆ ಏನು ಮಾಡಬೇಕು? ನನ್ನಲ್ಲಿ ನಿಯಮ ಇದೆ. ಸಂಜೆ ಏಳರ ಮೇಲೆ ಯಾವ ಹೆಂಗಸೂ ಒಬ್ಬಳೇ ರೂಮಿಗೆ ಹೋಗುವುದಿಲ್ಲ. ದೂರು ಹೇಳಿದರೆ ಬುಕಿಂಗ್ ಹೋದರೂ ಪರವಾಗಿಲ್ಲ, ನಾನು ಅವಳ ಕಡೆಗೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಜನ ಇರುವ ಕಡೆ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸಮಿತಿಗೆ ದೂರು ಕೊಡಬಹುದು. ಇದನ್ನು ಹೇಳಿದ ಮೇಲೆ ಅವರ ನಡಿಗೆಯೇ ಬೇರೆ ಆಯಿತು. ಹೆದರಿಕೆ ಇರುವವರು ಗೆಸ್ಟ್ ಮುಖ ನೋಡುವುದೇ ಇಲ್ಲ, ಕೆಲಸ ಮುಗಿಸಿ ಓಡುತ್ತಾರೆ. ಅದನ್ನೇ ನಾವು "ಸೌಜನ್ಯ ಇಲ್ಲ" ಅನ್ನುತ್ತೇವೆ.

ಹುಬ್ಬಳ್ಳಿ ಪ್ರವಾಸಿ

ಗಿರಾಕಿಗಳ ಕಡೆಯಿಂದ ಒಂದು ಮಾತು. ವರ್ಷಕ್ಕೊಮ್ಮೆಯಾದರೂ ಅರಬೈಲ್ ಘಟ್ಟ ಇಳಿದು ನಿಮ್ಮ ಕಡೆ ಬರುತ್ತೇವೆ. ನಮಗೆ ಎದೆ ಮೇಲೆ ಕೈ ಇಟ್ಟು ಕಂಠಪಾಠ ಮಾಡಿದ ಸ್ವಾಗತ ಬೇಡ್ರಿ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಯಾಣಕ್ಕೆ ಹೋದರೆ ಎಷ್ಟು ದೂರ ನಡೆಯಬೇಕು, ವಯಸ್ಸಾದವರು ಹತ್ತಬಹುದಾ, ಇಷ್ಟು ಹೇಳಿದರೆ ಸಾಕು. ಒಂದು ಕಡೆ ಸ್ವಾಗತ ಬಹಳ ಚಂದ ಮಾಡಿದರು. ಹಾಲು ಬಿಸಿ ಮಾಡಿ ಕೊಡ್ತೀರಾ, ಸಣ್ಣ ಕೂಸು ಐತಿ ಅಂದರೆ "ಮ್ಯಾನೇಜರ್ ಬಂದ ಮೇಲೆ" ಅಂದರು. ಹಾಲು ಬಿಸಿ ಮಾಡಲು ಮ್ಯಾನೇಜರ್ ಯಾಕೆ ಬೇಕು?

ಭಟ್ಕಳ ಕಿಚನ್

ಅಡುಗೆಮನೆಯವನು ನಾನು. ಎಲ್ಲರೂ ಸಪ್ಲಾಯರ್ ಬಗ್ಗೆ ಮಾತಾಡುತ್ತೀರಿ. ಅವನ ಮುಖ ಕೆಡುವುದು ಕಿಟಕಿಯ ಈ ಕಡೆ, ನಮ್ಮ ಹತ್ತಿರ. ಆರ್ಡರ್ ತಪ್ಪು ಬರೆದ ಅಂತ ಭಟ್ಟರು ಕೂಗುತ್ತಾರೆ, ಅವನು ಅದೇ ಬಿಸಿಯಲ್ಲಿ ಟೇಬಲ್‌ಗೆ ಹೋಗುತ್ತಾನೆ.

ನಾವು ಹೊಸಬರನ್ನು ಮೊದಲು ಒಳಗೆ ಇಟ್ಟುಕೊಳ್ಳುತ್ತೇವೆ. ಮೀನು ಕ್ಲೀನ್ ಮಾಡುವಾಗ ಪಕ್ಕದಲ್ಲಿ ನಿಲ್ಲಬೇಕು. ಬಂಗಡೆ, ಪಾಂಪ್ಲೆಟ್, ಇಸ್ವಾಣ, ತಿಸ್ರೆ, ಸಿಗಡಿ, ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಹೆಸರು ಹೇಳಬೇಕು. ತವಾ ಫ್ರೈಗೆ ಎಷ್ಟು ಹೊತ್ತು ಬೇಕು ಅಂತ ಕಣ್ಣಾರೆ ನೋಡಿದವನು ಗಿರಾಕಿಗೆ "ಐದು ನಿಮಿಷ" ಅಂತ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಮೀನು ಬಂದ ಮೇಲೆ ಇವತ್ತು ಏನಿದೆ, ಏನಿಲ್ಲ ಅಂತ ಬೋರ್ಡ್ ಮೇಲೆ ಬರೆಯುತ್ತೇವೆ, ಕನ್ನಡ ಮತ್ತು ಹಿಂದಿಯಲ್ಲಿ. ಇದಕ್ಕೆ 18 ತಿಂಗಳು ಬೇಡ.

ಬನವಾಸಿ ರಸ್ತೆ (ಶಿರಸಿ)

ಸದಾಶಿವಗಡದವರೇ, ಮಕ್ಕಳ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದು ವಾಪಸ್ ಬರುವುದು ಬೇಡ. ಆದರೆ ಗುರ್ತಿನವರ ಮೂಲಕ ಬರುವುದರಲ್ಲಿ ಒಂದು ಬಲ ಇದೆ. ಹುಡುಗನಿಗೆ ಜ್ವರ ಬಂದರೆ ನಾವು ಅವರ ಮನೆಗೆ ಉತ್ತರ ಕೊಡಬೇಕು. ಅವನು ತಪ್ಪು ಮಾಡಿದರೆ ಅವರು ನಮಗೆ ಉತ್ತರ ಕೊಡುತ್ತಾರೆ. ಏಜೆಂಟ್ ಕಳಿಸಿದವನಿಗೆ ಯಾರು ದಿಕ್ಕು? ಏಜೆಂಟ್ ಅವನ ಮೊದಲ ಸಂಬಳದಲ್ಲಿ ಕಮಿಷನ್ ಹಿಡಿದಿರುತ್ತಾನೆ, ಅದು ಕೂಡ ನಮಗೆ ಗೊತ್ತಿರುವುದಿಲ್ಲ.

ಸದಾಶಿವಗಡದವ

ಹಾಗಾದರೆ ದೂರದಿಂದ ಬಂದವನಿಗೂ ಅದನ್ನೇ ಮಾಡಿ. ಸೇರಿದ ದಿನವೇ ಅವನ ಫೋನ್‌ನಿಂದ ಮನೆಗೆ ವೀಡಿಯೋ ಕಾಲ್ ಮಾಡಿಸಿ, ನೀವೇ ಎರಡು ಮಾತಾಡಿ. ಮಲಗುವ ಜಾಗ ತೋರಿಸಿ. ಅಷ್ಟು ಮಾಡಿದರೆ ಅವನೂ ಗುರ್ತಿನವನೇ ಆದ ಹಾಗೆ. ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಗುರ್ತಿನವರ ಹುಡುಗನಿಗೆ ಬಯ್ಯಲು ಆಗುವುದಿಲ್ಲ, ಅವನ ಕೆಲಸವನ್ನು ಬೇರೆಯವರು ಮಾಡುತ್ತಾರೆ, ಅವರ ಮುಖ ಕೆಡುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕಪತ್ರದವ (ಕುಮಟಾ)

ಕೆಲವು ಹೋಟೆಲ್‌ಗಳ ಲೆಕ್ಕ ನೋಡುತ್ತೇನೆ, ಹಾಗಾಗಿ ಕಾಗದದ ಮಾತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು ಅಂತ ಇದೆ, ವಾರಕ್ಕೊಂದು ಪೂರ್ತಿ ರಜೆಯೂ ಇದೆ. ಹತ್ತು ಜನ ಇದ್ದರೆ ಇಎಸ್‌ಐ (ನೌಕರರ ವಿಮೆ), ಇಪ್ಪತ್ತು ಇದ್ದರೆ ಪಿಎಫ್ (ಭವಿಷ್ಯ ನಿಧಿ). ಪತ್ರವನ್ನು ಹುಡುಗ ಓದುವ ಭಾಷೆಯಲ್ಲಿ ಒಂದೇ ಪುಟದಲ್ಲಿ ಕೊಡಿ. ಸಂಬಳ, ಕೆಲಸದ ಹೊತ್ತು, ರಜೆ, ಟಿಪ್ಸ್ ಹೇಗೆ ಹಂಚುತ್ತೀರಿ, ಅಷ್ಟು ಸಾಕು. ಟಿಪ್ಸ್ ವಿಷಯ ಬರೆಯದೇ ಬಿಟ್ಟ ಕಡೆ ಜಗಳ ಗ್ಯಾರಂಟಿ.

ಕಾಳಿತೀರ (ಕಾರವಾರ)

ಎಲ್ಲ ಓದಿ ಮನೆಯಲ್ಲಿ ಅಪ್ಪನ ಜೊತೆ ಕೂತು ಮಾತಾಡಿದೆ. ಈ ಸಲ ಹೀಗೆ ಮಾಡುತ್ತೇವೆ. ಹುಡುಗರನ್ನು ಸೀಸನ್ ಶುರುವಾಗುವ ಒಂದು ವಾರ ಮೊದಲೇ ಕರೆಸುತ್ತೇವೆ. ಅಕ್ಕ ಹೇಳಿದ ಹಾಗೆ ಮೊದಲ ರಾತ್ರಿ ಗೆಸ್ಟ್ ರೂಮಿನಲ್ಲಿ. ಆಮೇಲೆ ಅಡುಗೆಮನೆ, ಆಮೇಲೆ ಹಳಬನ ಜೊತೆ ಟೇಬಲ್. ಗ್ಲಾಸ್ ಒಡೆದರೆ ಸಂಬಳ ಮುರಿಯುವುದು ನಮ್ಮಲ್ಲಿ ಇಲ್ಲ ಅಂತ ಪತ್ರದಲ್ಲೇ ಬರೆಯುತ್ತೇವೆ.

ಒಂದು ವಿಷಯದಲ್ಲಿ ಅಪ್ಪನಿಗೂ ನನಗೂ ಒಮ್ಮತ ಬಂದಿಲ್ಲ. ಊಟ ಸರಿಯಿಲ್ಲ ಅಂದರೆ ಸಪ್ಲಾಯರ್ ತಾನೇ ಬದಲಿಸಿ ಕೊಡಲಿ, ಬಿಲ್‌ನಲ್ಲಿ ಕಳೆಯಲಿ ಅಂತ ನಾನು. ಒಂದು ಮಿತಿ ಹಾಕೋಣ, 300 ರೂಪಾಯಿವರೆಗೆ ಅಂತ. ಗುರ್ತಿನವರಿಗೆ ಪುಕ್ಕಟೆ ಕೊಡುತ್ತಾರೆ ಅಂತ ಅಪ್ಪ. ಇದನ್ನು ಯಾರಾದರೂ ಮಾಡಿ ನೋಡಿದ್ದೀರಾ?

ಭಟ್ಕಳ ಕಿಚನ್

ನಮ್ಮಲ್ಲಿ ಉಂಟು. ದುಡ್ಡಿನ ಮಿತಿ ಇಟ್ಟಿಲ್ಲ, ತಟ್ಟೆಯ ಮಿತಿ ಇಟ್ಟಿದ್ದೇವೆ. ಒಂದು ಟೇಬಲ್‌ಗೆ ಒಂದು ಐಟಂ ಅವನೇ ಬದಲಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ವಾಪಸ್ ಬಂದ ತಟ್ಟೆ ಕಿಟಕಿಯ ಮೇಲೆ ಹಾಗೇ ಇರಬೇಕು, ನಾವು ನೋಡುವವರೆಗೆ. ಪುಕ್ಕಟೆ ಕೊಡುವವನು ಸಿಕ್ಕಿಬೀಳುತ್ತಾನೆ, ಯಾಕೆಂದರೆ ತಟ್ಟೆ ವಾಪಸ್ ಬರುವುದೇ ಇಲ್ಲ. ಉಪ್ಪು ಜಾಸ್ತಿಯಾಗಿದ್ದರೆ ನಮಗೂ ಆಗಲೇ ಗೊತ್ತಾಗುತ್ತದೆ.

ಗೋಕರ್ಣ ಫ್ರಂಟ್ ಡೆಸ್ಕ್

ಕಾಳಿತೀರ ಅವರೇ, ಒಂದು ಸೇರಿಸಿ. ಆ ಮೊದಲ ವಾರಕ್ಕೂ ಪೂರ್ತಿ ಸಂಬಳ ಇದೆ ಅಂತ ಫೋನ್‌ನಲ್ಲೇ ಹೇಳಿ, ಏಜೆಂಟ್‌ಗಲ್ಲ, ಬರುವ ಹುಡುಗನಿಗೇ. ಮತ್ತೆ, ರಿಸೆಪ್ಷನ್‌ಗೆ ಇನ್ನೂ ಯಾರನ್ನೂ ತಗೊಂಡಿಲ್ಲ ಅಂದರೆ ಸಂಬಳ, ರಜೆ, ಮಲಗುವ ಜಾಗ ಏನು ಅಂತ ಇಲ್ಲೇ ಬರೆಯಿರಿ. ಸರಿ ಅನ್ನಿಸಿದರೆ ನಾನೇ ಬರುತ್ತೇನೆ.